ನಾಲಿಗೆಯಕ್ಕನ ಗುಟುಕಿನ ಲೆಕ್ಕ

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ನಾಲಿಗೆಯಕ್ಕ ನೆಲಮಾಳಿಗೆಯಲ್ಲಿ ಹದಿನೇಳನೆಯ ಪೀಪಾಯಿಯ ಮುಂದೆ ನಿಂತಿದ್ದಳು. ಎಡಗೈಯಲ್ಲಿ ಗಾಜಿನ ಪುಟ್ಟ ಲೋಟ, ಬಲಗೈಯಲ್ಲಿ ಸೀಮೆಸುಣ್ಣದ ತುಂಡು. ಬಾಯಲ್ಲಿದ್ದ ದ್ರಾಕ್ಷಿ ವೈನನ್ನು ಕೆನ್ನೆಯಿಂದ ಕೆನ್ನೆಗೆ ಹೊರಳಿಸಿದಳು, ತುಟಿ ಸಣ್ಣಗೆ ತೆರೆದು ಅದರ ಮೇಲೆ ಗಾಳಿ ಎಳೆದುಕೊಂಡಳು, ಕೊನೆಗೆ ಗುಟುಕ್ಕನೆ ನುಂಗಿದಳು. ನುಂಗಿದ ಗಳಿಗೆಗೇ ಹೊಟ್ಟೆಯೊಳಗಿನಿಂದ ಯಾರೋ ಒಂದು ಬೆರಳಲ್ಲಿ ತಟ್ಟಿದ ಹಾಗಾಯಿತು.

ಒಂದು ಕ್ಷಣ ಹಾಗೇ ನಿಂತಳು. ಮತ್ತೊಮ್ಮೆ ತಟ್ಟಿತು.

“ಅಯ್ಯೋ, ಒದೀತು ಕಣ್ರೇ!”

ಮೇಲಿನ ಹಜಾರದಲ್ಲಿ ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದ ಹೆಂಗಸರು ಅಂಟು ಮೆತ್ತಿದ ಕೈಯಲ್ಲೇ ಮೆಟ್ಟಿಲು ಇಳಿದು ಬಂದರು. ಸರದಿಯ ಮೇಲೆ ಹೊಟ್ಟೆ ಮುಟ್ಟಿ ನೋಡಿದರು.

“ಹದಿನೇಳನೇದು ಸರಿಯಿಲ್ಲ ಅಂತ ದೂರು ಹೇಳ್ತಿದೆ.”

“ಥೂ, ಹಾಗಲ್ಲ. ಇನ್ನೊಂದು ಗುಟುಕು ಬಿಡಮ್ಮ ಅಂತಿದೆ.”

“ತಾಯಿ ನಾಲಿಗೆಯಕ್ಕ. ಮಗು ಹುಟ್ಟೋಕೆ ಮುಂಚೇನೇ ಕೆಲಸಕ್ಕೆ ಸೇರ್ಕೊಂಡಿದೆ, ಸಂಬಳ ಕೇಳ್ಬೇಡಿ ಅಷ್ಟೇ!”

ನೆಲಮಾಳಿಗೆಯ ಕಮಾನು ಚಾವಣಿಗೆ ಆ ನಗು ಬಡಿದು ಎರಡು ಸಲ ಕೇಳಿಸಿತು. ನಾಲಿಗೆಯಕ್ಕ ಪೀಪಾಯಿಯ ಮೇಲೆ ಸೀಮೆಸುಣ್ಣದಿಂದ ಸರಿಯಿದೆ ಎಂಬ ಗೀಟು ಎಳೆದು ಹದಿನೆಂಟನೆಯದಕ್ಕೆ ನಡೆದಳು. ನುಂಗಿದ ವೈನು ಆ ಗಳಿಗೆಗೇ ಮಗುವನ್ನು ತಲುಪುವುದಿಲ್ಲ. ಮಗುವಿನ ಮೊದಲ ಒದೆತಕ್ಕೂ ಹದಿನೇಳನೆಯ ಪೀಪಾಯಿಗೂ ಸಂಬಂಧವಿರಲಿಲ್ಲ, ಎರಡೂ ಒಟ್ಟಿಗೆ ಬಿದ್ದವು, ಅಷ್ಟೇ. ಆದರೂ ಅವಳ ಮನೆಯಲ್ಲಿ ಈ ಕತೆ ಮುಂದೆ ನೂರಾರು ಸಲ ಹೇಳಿ ಕೇಳಿ ನಕ್ಕ ಕತೆಯಾಯಿತು.

ಇದು ಮೂವತ್ತು ವರ್ಷದ ಹಿಂದಿನ ಮಾತು. ಅವಳು ಕೆಲಸಕ್ಕಿದ್ದ ವೈನ್ ಮನೆಯ ಮೇಲಂತಸ್ತಿನಲ್ಲಿ ಬಾಟಲಿ ತೊಳೆಯುವುದು, ತುಂಬುವುದು, ಬಿರಡೆ ಹಾಕುವುದು ನಡೆಯುತ್ತಿತ್ತು. ಕೆಳಗೆ ಎರಡು ಸಾಲು ಪೀಪಾಯಿ. ಬೇಸಿಗೆಯಲ್ಲೂ ಗೋಡೆ ತಣ್ಣಗೆ ಬೆವರುತ್ತಿತ್ತು. ಒದ್ದೆ ಮರ, ಸುಟ್ಟ ಗಂಧಕ, ಹಣ್ಣಾಗಿ ಕಳಿತ ದ್ರಾಕ್ಷಿ ಮೂರೂ ಬೆರೆತ ವಾಸನೆ. ಸಂಜೆ ಮನೆಗೆ ಹೋಗಿ ಮೈ ತೊಳೆದರೂ ಜಡೆಯಲ್ಲಿ ಉಳಿಯುತ್ತಿದ್ದ ಆ ವಾಸನೆ ನೆನಪಾದರೆ ಈಗಲೂ ನಾಲಿಗೆಯಕ್ಕನ ಬಾಯಲ್ಲಿ ನೀರೂರುತ್ತದೆ. ನೀರೂರಿತಲ್ಲ ಎಂದು ಆಮೇಲೆ ತನ್ನ ಮೇಲೇ ಮುನಿಸಿಕೊಳ್ಳುತ್ತಾಳೆ.

ಅವಳು ಅಲ್ಲಿಗೆ ಹದಿನೆಂಟು ವರ್ಷಕ್ಕೆ ಬಂದದ್ದು ಬಾಟಲಿ ತೊಳೆಯಲು. ರುಚಿ ನೋಡುವ ಕೆಲಸ ಆಗ ಒಬ್ಬ ಮುದುಕನದು. ಮೂಗಿನ ತಾತ ಎಂದರೆ ಊರಿಗೆಲ್ಲ ಗೊತ್ತು. ಮುಚ್ಚಿದ ಬಾಗಿಲ ಆಚೆ ನಿಂತೇ ಒಳಗೆ ಯಾವ ಪೀಪಾಯಿಯ ಬಿರಡೆ ತೆಗೆದಿದ್ದಾರೆ ಎಂದು ಹೇಳುವ ಮನುಷ್ಯ. ಒಂದು ದಿನ ತೊಳೆದಿಟ್ಟ ಬಾಟಲಿ ಮೂಸಿ ಆ ಹುಡುಗಿ, “ಇದು ಇನ್ನೂ ಸೋಪು, ಇದು ಹಳೇ ನೀರು, ಇದು ಸರಿ” ಎಂದು ವಿಂಗಡಿಸುವುದನ್ನು ನೋಡಿ, ಮೂಗಿನ ತಾತ ಅವಳನ್ನು ಕೆಳಗೆ ಕರೆದೊಯ್ದ. ಆ ನೆಲಮಾಳಿಗೆಯಲ್ಲಿ ಲೋಟ ಹಿಡಿದ ಮೊದಲ ಹೆಂಗಸು ಅವಳೇ.

ಕೆಲಸದ ಕ್ರಮ ಹೀಗಿತ್ತು. ಪೀಪಾಯಿಯ ಬಿರಡೆ ತೆಗೆದು ಗಾಜಿನ ಕೊಳವೆಯಿಂದ ಸ್ವಲ್ಪ ವೈನು ಎತ್ತಿ ಲೋಟಕ್ಕೆ ಬಿಡಬೇಕು. ಮೊದಲ ಗುಟುಕು ಬಾಯಿ ತೊಳೆಯಲು, ಎರಡನೆಯದು ನಾಲಿಗೆಯ ತುದಿಗೆ, ಮೂರನೆಯದು ನಾಲಿಗೆಯ ಬದಿಗೆ. ಮೂರನ್ನೂ ತೊಟ್ಟಿಗೆ ಉಗುಳಬೇಕು. ನಾಲ್ಕನೆಯದನ್ನು ನುಂಗಬೇಕು.

“ಹುಳಿ ತಿರುಗೋ ವೈನು ನಾಲಿಗೆಗೆ ಸುಳ್ಳು ಹೇಳುತ್ತೆ ಮಗಳೇ. ಗಂಟಲು ದಾಟೋವಾಗ ಸಿಕ್ಕಿಬೀಳುತ್ತೆ,” ಎಂದು ಮೂಗಿನ ತಾತ ಕಲಿಸಿದ.

ಆ ವೈನ್ ಮನೆಯಲ್ಲಿ ಕುಡಿಯುವವರಿಗೆ ಜಾಗವಿರಲಿಲ್ಲ. ಯಾರೋ ಒಬ್ಬ ಅಂಗಿಯೊಳಗೆ ಬಾಟಲಿ ಬಚ್ಚಿಟ್ಟುಕೊಂಡು ಸಿಕ್ಕಿಬಿದ್ದಾಗ ಸಂಜೆಯಾಗುವ ಮುಂಚೆ ಅವನನ್ನು ಮನೆಗೆ ಕಳಿಸಿದ್ದರು. ಪೀಪಾಯಿ ಮುಂದೆ ನಿಂತು ನುಂಗುವ ಗುಟುಕನ್ನು ಮಾತ್ರ ಯಾರೂ ಕುಡಿತವೆಂದು ಎಣಿಸಿದವರಲ್ಲ. ಬಡಗಿಯ ಮೈಗೆ ಹೊಟ್ಟು ಹತ್ತುವ ಹಾಗೆ ಅದು ಕೆಲಸದ ಒಂದು ಭಾಗ. ನಾಲಿಗೆಯಕ್ಕ ಅಲ್ಲೇ ಪೀಪಾಯಿ ಕಟ್ಟುವ ಬಡಗಿಯನ್ನು ಮದುವೆಯಾದಳು. ಆತ ಜೀವಮಾನದಲ್ಲಿ ತನ್ನ ಪೀಪಾಯಿಯೊಳಗಿನದನ್ನು ಒಂದು ಹನಿ ಮುಟ್ಟಿದವನಲ್ಲ. “ನಮ್ಮ ಮನೇಲಿ ಕುಡಿಯೋರು ಇಲ್ಲಪ್ಪ” ಎಂದು ಇಬ್ಬರೂ ಎದೆ ತಟ್ಟಿಕೊಂಡು ಹೇಳುತ್ತಿದ್ದರು. ಇಬ್ಬರಿಗೂ ಅದು ನಿಜವೇ ಆಗಿತ್ತು.

ಬಸುರಿಯಾದ ಮೇಲೆ ಅವಳ ಮೂಗು ಇನ್ನಷ್ಟು ಚುರುಕಾಯಿತು. ಬೀದಿಯ ಆ ತುದಿಯಲ್ಲಿ ಯಾರಾದರೂ ಬಣ್ಣದ ಡಬ್ಬ ತೆರೆದರೆ ಈ ತುದಿಯಲ್ಲಿ ಇವಳಿಗೆ ವಾಕರಿಕೆ. ಆದರೆ ನೆಲಮಾಳಿಗೆಯಲ್ಲಿ ಅದೇ ವರವಾಯಿತು. ಎರಡು ತಿಂಗಳಾಗಿದ್ದಾಗ ಅವಳು ಒಂಬತ್ತನೆಯ ಪೀಪಾಯಿ ಮೂಸಿ, ನುಂಗಿ, “ಇದು ಕೆಡ್ತಿದೆ” ಎಂದಳು. ಮೂಗಿನ ತಾತನಿಗೇ ಏನೂ ಗೊತ್ತಾಗಿರಲಿಲ್ಲ. ಎರಡು ವಾರ ಬಿಟ್ಟು ನೋಡಿದರೆ ವೈನು ಹುಳಿ ತಿರುಗಿತ್ತು. ತಾತ ತನ್ನ ಟೋಪಿ ತೆಗೆದು ಅವಳ ತಲೆಗಿಟ್ಟು, “ಇನ್ನು ನಾನು ಮೂಗಿನ ತಾತ ಅಲ್ಲ, ಬರೀ ತಾತ,” ಎಂದ. ಅಂದಿನಿಂದ ತನ್ನ ಪಾಲಿನ ಎಂಟು ಪೀಪಾಯಿಗಳನ್ನೂ ಅವಳಿಗೆ ವಹಿಸಿದ. ಹದಿನಾರು ಇದ್ದದ್ದು ಇಪ್ಪತ್ತನಾಲ್ಕಾಯಿತು. ವಾರಕ್ಕೆ ಆರು ದಿನ, ಊಟಕ್ಕೆ ಮುಂಚೆ, ನಾಲಿಗೆ ಹಸಿದಿರುವಾಗ. ಆ ವರ್ಷ ಅವಳು ಕೆಡುತ್ತಿದ್ದ ನಾಲ್ಕು ಪೀಪಾಯಿ ಹಿಡಿದಳು. ಅಂಥ ವರ್ಷ ಅವಳ ಬಾಳಿನಲ್ಲಿ ಹಿಂದೆ ಬಂದಿರಲಿಲ್ಲ, ಮುಂದೂ ಬರಲಿಲ್ಲ. ನಾಲಿಗೆಯಕ್ಕ ಎಂಬ ಹೆಸರು ಅಂಟಿಕೊಂಡದ್ದೂ ಆಗಲೇ.

ತಪಾಸಣೆಗೆ ಹೋದಾಗ ನರ್ಸಮ್ಮ ಕಾಗದದಲ್ಲಿದ್ದುದನ್ನು ಒಂದೇ ಉಸಿರಿನಲ್ಲಿ ಓದುತ್ತಿದ್ದಳು.

“ಸಕ್ಕರೆ ಕಾಯಿಲೆ? ಬಿಪಿ? ಬೀಡಿ ಸಿಗರೇಟು? ಕುಡಿತ?”

“ಛೆ ಛೆ, ಏನು ನರ್ಸಮ್ಮ ನೀವು! ನನ್ನ ನೋಡಿದ್ರೆ ಹಾಗನ್ಸುತ್ತಾ?”

“ಅನ್ಸಲ್ಲ ಕಣೇ, ಆದ್ರೂ ಕೇಳ್ಬೇಕಲ್ಲ.” ಇಲ್ಲ, ಇಲ್ಲ, ಇಲ್ಲ, ಇಲ್ಲ ಎಂದು ನಾಲ್ಕು ಕಡೆ ಗುರುತು ಬಿತ್ತು. ಕೇಳಿದವಳಿಗೂ ಹೇಳಿದವಳಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಮಗಳು ಹುಟ್ಟಿದಾಗ ಎರಡು ಕಿಲೋ ನೂರು ಗ್ರಾಂ. ಬಡಗಿ ತನ್ನ ಅಂಗೈ ಚಾಚಿ ಅದರ ಮೇಲೆ ಮಗುವನ್ನು ಮಲಗಿಸಿಕೊಂಡು, “ಇದೇನೇ, ಗುಬ್ಬಿ ತಂದಿದ್ದೀಯ!” ಎಂದ. ಗುಬ್ಬಿ ಎಂದೇ ಹೆಸರಾಯಿತು. ಹಾಲು ಚೀಪಲು ಶಕ್ತಿ ಸಾಲುತ್ತಿರಲಿಲ್ಲ. ಬಾಗಿಲು ಸದ್ದಾದರೆ ಮೈಯೆಲ್ಲ ನಡುಗಿಸಿ ಅಳುತ್ತಿತ್ತು. ನಡೆದದ್ದು ಎರಡನೆಯ ವರ್ಷ ತುಂಬುವ ಹೊತ್ತಿಗೆ. ಆದರೆ ಒಮ್ಮೆ ಮಾತು ಬಂತೋ, ಮನೆಯಲ್ಲಿ ಬೇರೆಯವರು ಬಾಯಿ ತೆರೆಯುವ ಹಾಗಿರಲಿಲ್ಲ. ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ, “ನಿಮ್ಮ ಹೆಸರೇನು? ನಮ್ಮಪ್ಪ ಪೀಪಾಯಿ ಮಾಡ್ತಾರೆ. ನಿಮ್ಮನೇಗೆ ಬರ್ಲಾ?” ಎಂದು ಕೈ ಹಿಡಿದು ಹೊರಟೇಬಿಡುತ್ತಿತ್ತು. ಎರಡು ಸಲ ಬಸ್ಸಿನ ಕಂಡಕ್ಟರು ಅವಳನ್ನು ಮನೆಗೆ ಕರೆತಂದು ಬಿಟ್ಟಿದ್ದ.

ನಾಲಿಗೆಯಕ್ಕನಿಗೆ ಆ ವರ್ಷಗಳ ನೆನಪು ಹೆಚ್ಚಾಗಿ ಮಧ್ಯಾಹ್ನಗಳದು. ಅಡುಗೆಮನೆಯ ಕಿಟಕಿಯಿಂದ ಬೀಳುವ ಬಿಸಿಲಿನ ಚೌಕದಲ್ಲಿ ಗುಬ್ಬಿ ಅಪ್ಪ ತಂದ ಮರದ ಸಿಪ್ಪೆಗಳನ್ನು ಉಂಗುರ ಮಾಡಿ ಬೆರಳಿಗೆ ತೊಟ್ಟುಕೊಂಡು ಕೂರುತ್ತಿದ್ದಳು. ಪಕ್ಕದಲ್ಲಿ ತಾಯಿ ಮಗ್ಗಿ ಹೇಳಿಕೊಡುತ್ತಿದ್ದಳು.

“ಮೂರೆರಡ್ಲಿ?”

“ಆರು!”

“ಮೂರ್‌ಮೂರ್ಲಿ?”

“ಒಂಬತ್ತು!”

ಎಷ್ಟು ಸಲ ಕೇಳಿದರೂ ತಪ್ಪುತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಕೇಳಿದರೆ, ಮೂರರ ಮಗ್ಗಿ ಎಂಬುದೊಂದು ಲೋಕದಲ್ಲಿದೆ ಎಂದೇ ಅವಳಿಗೆ ಗೊತ್ತಿಲ್ಲದ ಹಾಗೆ ಮುಖ ನೋಡುತ್ತಿದ್ದಳು. ಕೈ ತೊಳ್ಕೊಂಡು ತಟ್ಟೆ ತಗೊಂಡು ಅಪ್ಪನ್ನ ಕರ್ಕೊಂಡು ಬಾ ಎಂದರೆ ಕೈ ತೊಳೆದು ಅಲ್ಲೇ ನಿಂತಿರುತ್ತಿದ್ದಳು. ನೆಂಟರು ಬಾಯಿಗೆ ಬಂದದ್ದು ಹೇಳಿದರು. ಅತ್ತೆ, “ಮುದ್ದು ಮಾಡಿ ಹಾಳು ಮಾಡಿದ್ದೀಯ,” ಎಂದರು. ಶಾಲೆಯವರು ಸೋಮಾರಿ ಎಂದರು, ಹಟಮಾರಿ ಎಂದರು. ಅವರೆಲ್ಲ ಅಂದದ್ದನ್ನು ನಂಬಿ ಒಂದು ದಿನ ನಾಲಿಗೆಯಕ್ಕ ಮಗಳ ಕೆನ್ನೆಗೆ ಬಾರಿಸಿದಳು. ಆ ಹುಡುಗಿ ಅಳುತ್ತಾ, “ನಿನ್ನೆ ಗೊತ್ತಿತ್ತಮ್ಮ, ಎಲ್ಲಿ ಹೋಯ್ತೋ ಗೊತ್ತಿಲ್ಲ,” ಎಂದು ತನ್ನ ಫ್ರಾಕಿನ ಜೇಬು ತಡಕಿ ತೋರಿಸಿದಳು. ಬಾರಿಸಿದ ಕೈ ಇಂದಿಗೂ ತನ್ನದಲ್ಲವೆನ್ನಿಸುತ್ತದೆ ನಾಲಿಗೆಯಕ್ಕನಿಗೆ.

ಗುಬ್ಬಿಗೆ ಹನ್ನೊಂದಾದಾಗ ತರಗತಿಯ ಟೀಚರು ತಾಯಿಯನ್ನು ಕರೆಸಿದಳು. ವಯಸ್ಸಿನಲ್ಲಿ ಚಿಕ್ಕವಳು, ಮಾತು ನೇರ.

“ಅಕ್ಕ, ಈ ವರ್ಷದ ಕೊನೆಗೆ ಇವಳನ್ನ ಶಾಲೆಯಿಂದ ಬಿಡಿಸ್ಬೇಕು ಅಂತ ಮೇಲಿನವರು ತೀರ್ಮಾನ ಮಾಡಿದ್ದಾರೆ. ಕಲಿಯೋ ಮನಸ್ಸಿಲ್ಲ ಅಂತ ಬರೆದಿದ್ದಾರೆ. ನಂಗೆ ಹಾಗನ್ಸಲ್ಲ. ಇವಳಿಗೆ ಮನಸ್ಸಿದೆ, ಬೇರೆ ಏನೋ ತಡೀತಿದೆ. ಅದೇನು ಅಂತ ಮಕ್ಕಳ ಡಾಕ್ಟರ ಹತ್ರ ಒಂದು ಕಾಗದ ಬರೆಸಿ ತಂದ್ರೆ, ಜೊತೆಗೆ ಕೂತು ಕಲಿಸೋಕೆ ಒಬ್ಬರನ್ನ ಕೊಡ್ತಾರೆ, ಶಾಲೇಲೇ ಉಳಿಸ್ಕೋಬಹುದು. ಕಾಗದ ಇಲ್ದಿದ್ರೆ ನನ್ನ ಕೈಲಿ ಏನೂ ಇಲ್ಲ.”

ಮಕ್ಕಳ ಡಾಕ್ಟರಮ್ಮನ ಕೋಣೆಯಲ್ಲಿ ಗುಬ್ಬಿಯ ತಲೆಯ ಸುತ್ತಳತೆ ತೆಗೆದರು. ನಲವತ್ತೊಂಬತ್ತೂವರೆ ಸೆಂಟಿಮೀಟರು, ಆ ವಯಸ್ಸಿಗೆ ಕಡಮೆ. ಪುಟ್ಟ ಅಳತೆಪಟ್ಟಿ ಹಿಡಿದು ಕಣ್ಣಿನ ಸೀಳು ಅಳೆದರು, ಅದೂ ಕಡಮೆ. ಮೂಗಿಗೂ ಮೇಲ್ದುಟಿಗೂ ನಡುವಿನ ತೋಡನ್ನು ಚಿತ್ರಗಳ ಪಕ್ಕ ಹಿಡಿದು ಹೋಲಿಸಿದರು. ತೋಡು ಇರಬೇಕಾದ ಹಾಗೆಯೇ ಇತ್ತು. ಗುಬ್ಬಿಗೆ ಕಚಗುಳಿಯಾಗಿ ಕಿಲಕಿಲ ನಕ್ಕಳು. ಆಮೇಲೆ ಒಂದು ಗಂಟೆ ಚಿತ್ರ ಜೋಡಿಸುವುದು, ಅಂಕಿ ನೆನಪಿಡುವುದು ನಡೆಯಿತು.

“ಗರ್ಭಿಣಿಯಾಗಿದ್ದಾಗ ಮದ್ಯ ತಗೊಂಡಿದ್ರಾ?”

“ಇಲ್ಲ ಡಾಕ್ಟ್ರಮ್ಮ. ನಮ್ಮನೇಲಿ ಯಾರೂ ಕುಡಿಯಲ್ಲ.”

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಂಗೆ ಒಂದು ಅನುಮಾನವಿತ್ತು. ಮುಖದಲ್ಲಿ ಮದ್ಯ ತಾಗಿದ ಎಲ್ಲಾ ಗುರುತೂ ಇದ್ದಿದ್ರೆ ಕೇಳದೇ ಬರೀಬಹುದಿತ್ತು. ಇವಳಿಗೆ ಅಷ್ಟು ಇಲ್ಲ. ನೀವು ಇಲ್ಲ ಅಂದ ಮೇಲೆ ಕಾರಣ ಗೊತ್ತಿಲ್ಲ ಅಂತ ಬರೀಬೇಕಾಗುತ್ತೆ. ಆ ಕಾಗದ ಶಾಲೆಯವರಿಗೆ ಸಾಕಾಗಲಿಕ್ಕಿಲ್ಲ.”

ಗುಬ್ಬಿ ಕುರ್ಚಿಯ ಮೇಲೆ ಕಾಲು ಆಡಿಸುತ್ತಾ ಕೂತಿದ್ದವಳು ಬಾಯಿ ಹಾಕಿದಳು. “ಡಾಕ್ಟ್ರಮ್ಮ, ನಮ್ಮಮ್ಮನ ಹೆಸರು ನಾಲಿಗೆಯಕ್ಕ. ವೈನು ರುಚಿ ನೋಡ್ತಾರೆ. ನಾನು ಹೊಟ್ಟೇಲಿದ್ದಾಗ ಹದಿನೇಳನೇ ಪೀಪಾಯಿ ನುಂಗಿದ್ರು, ನಾನು ಒದ್ದೆ! ಎಲ್ಲಾರೂ ನಕ್ರು!”

ಮನೆಯಲ್ಲಿ ಈ ಕತೆ ಹೇಳಿದಾಗಲೆಲ್ಲ ಎಲ್ಲರೂ ನಗುತ್ತಿದ್ದರು. ಈಗ ಯಾಕೆ ಯಾರೂ ನಗುತ್ತಿಲ್ಲ ಎಂದು ಗುಬ್ಬಿ ಇಬ್ಬರ ಮುಖವನ್ನೂ ನೋಡಿದಳು.

ನಾಲಿಗೆಯಕ್ಕ ಮಗಳ ಹೆಗಲು ಹಿಡಿದಳು. “ಅದು… ಅದು ಕೆಲಸ ಡಾಕ್ಟ್ರಮ್ಮ.”

“ನುಂಗ್ತಿದ್ರಾ?”

“ನಾಲ್ಕರಲ್ಲಿ ಒಂದು.”

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ನಾಲಿಗೆಯಕ್ಕ ಆಮೇಲೆ ಹೇಳುತ್ತಿದ್ದಳು, ತಿರುಗಿ ಜಗಳವಾಡಬಹುದಿತ್ತು. ಡಾಕ್ಟರಮ್ಮ ಒಂದು ಕಾಗದದ ಮೇಲೆ ತಾಯಿ, ಹೊಕ್ಕುಳಬಳ್ಳಿ, ಮಗು ಬರೆದು ತಣ್ಣಗೆ ವಿವರಿಸಿದರು. ತಾಯಿಯ ರಕ್ತಕ್ಕೆ ಸೇರಿದ ಮದ್ಯಸಾರ ಬಳ್ಳಿಯ ಮೂಲಕ ಮಗುವಿಗೂ ಹೋಗುತ್ತದೆ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಮಗುವಿನ ಲಿವರಿಗೆ ಇನ್ನೂ ಬಂದಿರುವುದಿಲ್ಲ. ಮೆದುಳು ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ, ಆದ್ದರಿಂದ ಇಂಥ ತಿಂಗಳಲ್ಲಿ ಕುಡಿದರೆ ಪರವಾಗಿಲ್ಲ ಎನ್ನುವಂತಿಲ್ಲ. ಇಷ್ಟು ಕುಡಿದರೆ ಅಪಾಯವಿಲ್ಲ ಎಂಬ ಅಳತೆಯೂ ಯಾರಿಗೂ ಗೊತ್ತಿಲ್ಲ. ಎಲ್ಲ ಮಕ್ಕಳಿಗೂ ಒಂದೇ ಥರ ಆಗುವುದಿಲ್ಲ. ಆದವರಲ್ಲಿ ಕೆಲವರಿಗೆ ನೆನಪು ನಿಲ್ಲದು, ಕೆಲವರಿಗೆ ಲೆಕ್ಕ ಹತ್ತದು, ಕೆಲವರಿಗೆ ಯಾರನ್ನು ನಂಬಬೇಕು ಯಾರನ್ನು ಬಿಡಬೇಕು ತಿಳಿಯದು.

“ಕೆಲಸಕ್ಕೆ ನುಂಗಿದ್ದು, ಮೋಜಿಗೆ ನುಂಗಿದ್ದು ಅಂತ ಬಳ್ಳಿಗೆ ಗೊತ್ತಾಗಲ್ಲಮ್ಮ.”

“ವಾಸಿಯಾಗುತ್ತಾ?”

“ಇಲ್ಲ. ಆದ್ರೆ ಹೇಗೆ ಕಲಿಸ್ಬೇಕು ಅಂತ ಗೊತ್ತಾದ್ರೆ ಇವಳು ಬಹಳಷ್ಟು ಕಲೀತಾಳೆ. ಒಂದು ಸಲಕ್ಕೆ ಒಂದೇ ಮಾತು, ಚಿತ್ರ ತೋರ್ಸಿ, ದಿನಾ ಒಂದೇ ಕ್ರಮದಲ್ಲಿ. ಬೈಗುಳದಿಂದ ಏನೂ ಆಗಲ್ಲ. ನೀವು ಬೇಕೂಂತ ಮಾಡಿದ್ದಲ್ಲ, ಅದು ನಂಗೆ ಅರ್ಥವಾಗುತ್ತೆ. ಆದ್ರೂ ಆಗಿದೆ. ಕಾಗದಕ್ಕೆ ನಂಗೆ ಎಷ್ಟು ಅನ್ನೋದು ಬೇಕು. ಆಗೊಮ್ಮೆ ಈಗೊಮ್ಮೆ ಎರಡು ಹನಿ ಅಂದ್ರೆ ನಾನು ಬರೆಯೋಕಾಗಲ್ಲ. ಯೋಚಿಸಿ ಮುಂದಿನ ಸೋಮವಾರ ಬನ್ನಿ. ಟೀಚರನ್ನೂ ಕರ್ಕೊಂಡು ಬನ್ನಿ, ಅವರೂ ಕೇಳಿಸ್ಕೊಳ್ಳಲಿ.”

ಮನೆಗೆ ಬಂದು ಗಂಡನ ಮುಂದೆ ಎಲ್ಲ ಹೇಳಿದಳು. ಬಡಗಿ ಕೈಲಿದ್ದ ಉಳಿಯನ್ನು ಕೆಳಗಿಟ್ಟ.

“ಬೇಡ ಬಿಡು,” ಎಂದ. “ಸೋಮಾರಿ ಅನ್ನಿಸ್ಕೊಂಡು ಬದುಕಬಹುದು. ಕುಡುಕಿ ಮಗಳು ಅನ್ನಿಸ್ಕೊಂಡು ಹೇಗೆ ಬದುಕ್ತಾಳೆ? ನಿನ್ನ ಮುಖ ಯಾರು ನೋಡ್ತಾರೆ? ನಮ್ಮಮ್ಮ ಮನೆ ಹತ್ತಿಸ್ತಾಳಾ?”

“ಕಾಗದ ಇಲ್ದೇ ಶಾಲೆ ಇಲ್ಲ ರೀ.”

“ಹೇಳಲೇಬೇಕು ಅಂದ್ರೆ ಸ್ವಲ್ಪ ಅನ್ನು. ಸ್ವಲ್ಪ ಅಂದ್ರೆ ಸುಳ್ಳೇನಲ್ಲವಲ್ಲ.”

“ಸ್ವಲ್ಪ ಅಂದ್ರೆ ಎಷ್ಟು?”

ಅಳತೆ ಕೂದಲೆಳೆ ತಪ್ಪಿದರೂ ಪೀಪಾಯಿ ಸೋರುತ್ತದೆ ಎಂದು ಬಲ್ಲ ಮನುಷ್ಯ, ಮುಖ ಊದಿಸಿಕೊಂಡು ಆಚೆ ಹೋದ.

ಮರುದಿನ ಅವಳು ಮೂಗಿನ ತಾತನ ಮನೆಗೆ ಹೋದಳು. ಕೆಲಸ ಬಿಟ್ಟು ಆರು ವರ್ಷವಾಗಿತ್ತು ಮುದುಕನಿಗೆ. ಜಗುಲಿಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಾ ಕೂತಿದ್ದವನು, ದೂರದಲ್ಲೇ ಅವಳ ವಾಸನೆ ಹಿಡಿದು, “ಇವತ್ತು ಏಳನೇದು ನೋಡಿ ಬಂದಿದ್ದೀಯ,” ಎಂದ.

“ತಾತ, ಒಂದು ಕೇಳ್ತೀನಿ, ನಿಜ ಹೇಳ್ಬೇಕು. ನುಂಗದೇ ಇದ್ದಿದ್ರೆ ಗೊತ್ತಾಗ್ತಿರ್ಲಿಲ್ವಾ?”

ಯಾಕೆ ಎಂದು ಕೇಳಿದ. ಹೇಳಿದಳು. ಅವನು ಕಣ್ಣು ಮುಚ್ಚಿಕೊಂಡು ಇಷ್ಟು ವರ್ಷದ ಪೀಪಾಯಿಗಳನ್ನೆಲ್ಲ ಒಂದೊಂದಾಗಿ ಮತ್ತೆ ನೋಡಿ ಬಂದವನ ಹಾಗೆ ಕೂತ.

“ಗೊತ್ತಾಗ್ತಿತ್ತು. ನೂರಕ್ಕೆ ಒಂದೋ ಎರಡೋ ತಪ್ತಿತ್ತು. ಬರೀ ಗಂಡಸರಿದ್ದಾಗ ಮಾಡ್ಕೊಂಡ ಪದ್ಧತಿ ಮಗಳೇ. ನಂಗೆ ಹೇಗೆ ಕಲಿಸಿದ್ರೋ ನಿಂಗೆ ಹಾಗೇ ಕಲಿಸಿದೆ. ನಿನ್ನ ಹೊಟ್ಟೆ ಕಣ್ಣೆದುರಿಗೇ ಇತ್ತು, ಬದಲಾಯಿಸ್ಬೇಕು ಅಂತ ಹೊಳೀಲೇ ಇಲ್ಲ. ಎಂಟು ಪೀಪಾಯಿ ಹೆಚ್ಚಿಗೆ ಬೇರೆ ಕೊಟ್ಟೆ,” ಎಂದ.

“ನಾನು ಕುಣ್ಕೊಂಡು ತಗೊಂಡೆ ತಾತ.”

ಹೊರಡುವಾಗ ಅವನು, “ಒಂದು ಗುಟುಕು ಅಂದ್ರೆ ಎಷ್ಟು ಅಂತ ನಾವು ಯಾವತ್ತೂ ಅಳೆದೇ ಇಲ್ಲ, ನೋಡು. ವೈನನ್ನ ಮಾತ್ರ ಅಳೆದ್ವಿ,” ಎಂದ.

ಭಾನುವಾರ ಮಧ್ಯಾಹ್ನ ನಾಲಿಗೆಯಕ್ಕ ಅಡುಗೆಮನೆಯ ಮೇಜಿನ ಮೇಲೆ ಮಿಲಿಲೀಟರಿನ ಗೆರೆಗಳಿದ್ದ ಅಳತೆಯ ಜಾಡಿ ಇಟ್ಟು ಇನ್ನೂರರ ಗೆರೆಯವರೆಗೆ ನೀರು ತುಂಬಿದಳು. ಕೆಲಸದ ಲೋಟವನ್ನೇ ತಂದಿದ್ದಳು. ವೈನು ಎತ್ತುವಷ್ಟೇ ನೀರು ಎತ್ತಿ, ಅದೇ ಥರ ಕೆನ್ನೆಯಿಂದ ಕೆನ್ನೆಗೆ ಹೊರಳಿಸಿ, ಗಾಳಿ ಎಳೆದು, ನುಂಗಿದಳು. ಲೋಟದಲ್ಲಿ ಉಳಿದದ್ದನ್ನು ಜಾಡಿಗೆ ವಾಪಸು ಸುರಿದಳು. ಗುಬ್ಬಿಗೆ ಇದೊಂದು ಹೊಸ ಆಟ.

“ಅಮ್ಮ, ನೀರು ಕೆಟ್ಟಿದೆಯಾ?”

“ಇಲ್ಲ ಕಣೇ, ಸರಿಯಾಗಿದೆ. ಎಷ್ಟಾಯ್ತು ಎಣಿಸು.”

ಗುಬ್ಬಿ ಪ್ರತಿ ಗುಟುಕಿಗೂ ಒಂದು ಮರದ ಸಿಪ್ಪೆ ಮೇಜಿನ ಮೇಲಿಟ್ಟಳು. ಅಂಕಿ ತಪ್ಪಬಹುದು, ಸಿಪ್ಪೆ ತಪ್ಪುವುದಿಲ್ಲ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹತ್ತು ಸಿಪ್ಪೆ ಆದಾಗ ನಾಲಿಗೆಯಕ್ಕ ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ನೋಡಿದಳು. ನೂರಾ ಇಪ್ಪತ್ತು ಉಳಿದಿತ್ತು. ನಂಬದೆ ಇನ್ನೊಮ್ಮೆ ಮಾಡಿದಳು, ಮತ್ತೊಮ್ಮೆ ಮಾಡಿದಳು. ಮೂರನೆಯ ಸಲವೂ ಅಷ್ಟೇ. ಗುಟುಕಿಗೆ ಎಂಟು ಮಿಲಿಲೀಟರು. ಬಾಗಿಲಲ್ಲಿ ಬಡಗಿ ನಿಂತು ನೋಡುತ್ತಿದ್ದ. ಮೇಜಿನ ಮೇಲಿದ್ದ ಹತ್ತು ಸಿಪ್ಪೆಗಳನ್ನು ನೋಡಿದ, ಮಗಳ ತಲೆ ಸವರಿದ, “ನಾಳೆ ನಾನೂ ಬರ್ತೀನಿ,” ಎಂದ.

ಆ ಸೋಮವಾರದ ನಂತರ ಬಂದ ವರ್ಷಗಳನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಗುಬ್ಬಿ ಶಾಲೆಯಲ್ಲಿ ಉಳಿದಳು. ಪಕ್ಕದಲ್ಲಿ ಕೂತು ಕಲಿಸಲು ಒಬ್ಬ ಹೆಂಗಸು ಬಂದಳು. ಮನೆಯ ಗೋಡೆಯ ಮೇಲೆ ಹಲ್ಲುಜ್ಜುವುದರಿಂದ ಹಿಡಿದು ಚಪ್ಪಲಿ ಹಾಕುವವರೆಗೆ ಒಂದೊಂದಕ್ಕೂ ಒಂದೊಂದು ಚಿತ್ರ ಅಂಟಿಸಿದರು. ಬಡಗಿ ಅದಕ್ಕೆಂದೇ ಹಲಗೆ ಮಾಡಿಕೊಟ್ಟ. ಮಗ್ಗಿ ಕೊನೆಗೂ ನಿಲ್ಲಲಿಲ್ಲ. ಗಡಿಯಾರದ ಮುಳ್ಳು ಇಂದಿಗೂ ಅವಳಿಗೆ ಒಗಟು. ಈಗ ಅವಳು ಸಸಿ ಬೆಳೆಸುವ ಒಂದು ತೋಟದಲ್ಲಿ ಪುಟ್ಟ ಕುಂಡಗಳಿಗೆ ಮಣ್ಣು ತುಂಬಿ ಗಿಡ ಕೂರಿಸುತ್ತಾಳೆ, ದಿನವೂ ಅದೇ ಮೇಜು, ಅದೇ ಕ್ರಮ. ಅಲ್ಲಿಯ ಮೇಲ್ವಿಚಾರಕ ಒಂದು ಸಲಕ್ಕೆ ಒಂದೇ ಕೆಲಸ ಹೇಳುತ್ತಾನೆ. ಎರಡು ಹೇಳಿದರೆ ಗುಬ್ಬಿ, “ಒಂದೊಂದೇ ಹೇಳಿ ಸಾರ್, ನನ್ನ ತಲೆ ಕುಂಡ ಇದ್ದ ಹಾಗೆ, ಒಂದೇ ಗಿಡ ಹಿಡಿಯೋದು,” ಎಂದು ಗದರುತ್ತಾಳೆ. ಕೊಳ್ಳಲು ಬಂದವರನ್ನೆಲ್ಲ ಮಾತಾಡಿಸುತ್ತಾಳೆ. ಯಾರ ಜೊತೆಗೂ ಹೊರಟುಹೋಗಬಾರದು ಎಂಬುದಕ್ಕೆ ಮಾತ್ರ ಮೇಜಿನ ಮೇಲೆ ಈಗಲೂ ಒಂದು ಚಿತ್ರವಿದೆ.

ನೆಂಟರು ಆಡಬೇಕಾದದ್ದನ್ನು ಆಡಿದರು. ಅತ್ತೆ ಎರಡು ವರ್ಷ ಮಾತು ಬಿಟ್ಟರು. ವೈನ್ ಮನೆಯಲ್ಲಿ ನಾಲ್ಕನೆಯ ಗುಟುಕನ್ನೂ ಉಗುಳುವುದೇ ಕ್ರಮವಾಯಿತು, ಬಸುರಿಯರು ಮೆಟ್ಟಿಲಿಳಿಯುವುದು ನಿಂತಿತು. ನಾಲಿಗೆಯಕ್ಕ ತಾನಾಗಿಯೇ ಮೇಲಿನ ಹಜಾರಕ್ಕೆ ಹೋಗಿ ಚೀಟಿ ಅಂಟಿಸಲು ಕೂತಳು. ಹೊಸದಾಗಿ ಸೇರಿದ ಹುಡುಗಿಯರಿಗೆಲ್ಲ ಅವಳು ಎಲ್ಲರೆದುರೇ ಕೇಳುತ್ತಿದ್ದಳು. “ಹೊಟ್ಟೇಲಿ ಮಗು ಇದೆಯಾ? ಇದ್ರೆ ಕೆಲಸಕ್ಕೋ, ಚಳಿಗೋ, ಔಷಧಿ ಅಂತಲೋ, ಯಾರದೋ ಬಲವಂತಕ್ಕೋ ಒಂದು ಗುಟುಕೂ ಗಂಟಲಿಗೆ ಇಳಿಯಬಾರ್ದು. ನಾಚ್ಕೊಂಡ್ರೆ ನಂಗೆ ಹೇಳು, ನಿನ್ನ ಪರವಾಗಿ ನಾನು ಜಗಳ ಆಡ್ತೀನಿ.” ಆ ನಾಲಿಗೆಗೆ ಹೆದರದವರು ಅಲ್ಲಿ ಯಾರೂ ಇರಲಿಲ್ಲ.

ನೆಲಮಾಳಿಗೆಯ ಆ ವರ್ಷದ ಬಗ್ಗೆ ಅವಳಿಗೆ ಇಂದಿಗೂ ಒಂದು ನಿಲುವಿಗೆ ಬರಲಾಗಿಲ್ಲ. ತಾತನ ಟೋಪಿ ತಲೆಯ ಮೇಲೆ ಕೂತ ಹಗುರ ಭಾರ, ಹೆಂಗಸರ ನಗು, ಹಿಡಿದ ನಾಲ್ಕು ಪೀಪಾಯಿ. ಎಲ್ಲ ಇಷ್ಟವೇ. ಇಷ್ಟವಾದದ್ದನ್ನು ಇಲ್ಲವೆನ್ನಲು ಅವಳಿಗೆ ಬರುವುದಿಲ್ಲ. ಮಗಳಿಗೂ ಅದನ್ನು ಮುಚ್ಚಿಟ್ಟಿಲ್ಲ. ಗುಬ್ಬಿಗೆ ಹದಿನೈದಾದಾಗ ಕೂರಿಸಿಕೊಂಡು, ಒಂದೊಂದೇ ಮಾತಾಗಿ, ಎಲ್ಲ ಹೇಳಿದಳು. ಗುಬ್ಬಿ ಕೇಳಿ, “ಹಾಗಾದ್ರೆ ನಾನು ಸೋಮಾರಿ ಅಲ್ವಾ?” ಎಂದಳು. ಅಲ್ಲ ಎಂದಾಗ, “ಮೊದಲೇ ಹೇಳ್ಬಾರ್ದಿತ್ತಾ!” ಎಂದು ಎದ್ದುಹೋದಳು. ಮಾರನೆಯ ದಿನ ಮರೆತಿರುತ್ತಾಳೆಂದು ತಾಯಿ ಎಣಿಸಿದ್ದಳು. ಅದನ್ನು ಮಾತ್ರ ಅವಳು ಮರೆಯಲಿಲ್ಲ.

ಲೆಕ್ಕ ಹೇಳಬೇಕಿದ್ದ ಆ ಸೋಮವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಡಾಕ್ಟರಮ್ಮನ ಕೋಣೆಯಲ್ಲಿ ಐದು ಜನರಿದ್ದರು. ಮೇಜಿನ ಆಚೆ ಡಾಕ್ಟರಮ್ಮ, ಕಿಟಕಿಯ ಪಕ್ಕ ಟೀಚರು, ಬಾಗಿಲಿಗೆ ಒರಗಿ ಬಡಗಿ. ಗುಬ್ಬಿ ನೆಲದ ಮೇಲೆ ಕೂತು ಅಲ್ಲಿದ್ದ ಮರದ ಗೊಂಬೆಗಳನ್ನು ಎತ್ತರದ ಪ್ರಕಾರ ನಿಲ್ಲಿಸುತ್ತಿದ್ದಳು. ನಾಲಿಗೆಯಕ್ಕ ಕುರ್ಚಿ ಕೊಟ್ಟರೂ ಕೂರಲಿಲ್ಲ. ಟೀಚರು ಕೇಳಿಸಿಕೊಂಡದ್ದು ಶಾಲೆಗೆ ಹೋಗುತ್ತದೆ, ಶಾಲೆಯಿಂದ ಬೀದಿಗೆ ಬರುತ್ತದೆ, ಸಂಜೆಯೊಳಗೆ ಅತ್ತೆಯ ಕಿವಿಗೆ ಬೀಳುತ್ತದೆ. ಅದೆಲ್ಲ ಅವಳಿಗೆ ಗೊತ್ತಿತ್ತು. ಸ್ವಲ್ಪ ಎಂಬ ಮಾತು ಇನ್ನೂ ನಾಲಿಗೆಯ ತುದಿಯಲ್ಲೇ ಇತ್ತು, ಹೇಳುವುದೂ ಸುಲಭವಿತ್ತು. ಹಿಂತಿರುಗಿ ಗಂಡನ ಕಡೆ ನೋಡಿದಳು. ಅವನು ತಲೆ ತಗ್ಗಿಸಿಕೊಂಡೇ, “ಇದ್ದದ್ದು ಹೇಳು,” ಎಂದ.

“ಎಷ್ಟು ಅಂತ ನೆನಪಾಯ್ತಾಮ್ಮ?” ಡಾಕ್ಟರಮ್ಮ ಪೆನ್ನು ತೆಗೆದರು.

“ನೆನಪಲ್ಲ ಡಾಕ್ಟ್ರಮ್ಮ, ಅಳೆದು ನೋಡಿದೆ. ಪೀಪಾಯಿಗೆ ಒಂದು ಗುಟುಕು, ಗುಟುಕಿಗೆ ಎಂಟು ಮಿಲಿ. ವಾರಕ್ಕೆ ಆರು ದಿನ, ಒಂದು ದಿನವೂ ರಜ ಹಾಕ್ಲಿಲ್ಲ. ಮೊದಲ ಎರಡೂವರೆ ತಿಂಗಳು ಹದಿನಾರು ಪೀಪಾಯಿ, ದಿನಕ್ಕೆ ನೂರಾ ಇಪ್ಪತ್ತೆಂಟು.” ಟೀಚರ ಮುಖ ನೋಡಿದಳು, ಕಣ್ಣು ತೆಗೆಯಲಿಲ್ಲ. “ಆಮೇಲೆ ಇಪ್ಪತ್ತನಾಲ್ಕು ಪೀಪಾಯಿ. ಎಂಟು ತಿಂಗಳು ತುಂಬಿ ಕೆಲಸ ಬಿಡೋವರೆಗೂ ದಿನಕ್ಕೆ ನೂರಾ ತೊಂಬತ್ತೆರಡು ಮಿಲಿಲೀಟರು.”